ಕೋರ್ಸಿಗಿಂತ ಮೊದಲು ಕಲಿಯುವವರು

(ಸಂಸ್ಥೆಯ ವಾರ್ಷಿಕ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ನಮ್ಮ ಮಕ್ಕಳಿಗೆ ಉದ್ಯೋಗ ತರಬೇತಿ ಕೊಡಬೇಕೆಂಬ ಮಾತನ್ನು ನೀವು ಅನೇಕ ಸಭೆಗಳಲ್ಲಿ ಕೇಳಿದ್ದೀರಿ. ಅದನ್ನು ಎಲ್ಲಿಂದ ಆರಂಭಿಸಬೇಕು ಎಂಬುದೇ ಇಂದಿನ ನನ್ನ ವಿಷಯ.

ಮೊದಲು ನಮ್ಮದೇ ಒಂದು ತಪ್ಪನ್ನು ಹೇಳುತ್ತೇನೆ. ಹೆಣ್ಣುಮಕ್ಕಳಿಗಾಗಿ ಸಂಜೆ ಕಂಪ್ಯೂಟರ್ ತರಗತಿ ತೆರೆದೆವು. ಮೊದಲ ವಾರ 22 ಮಂದಿ ಬಂದರು. ಎರಡನೇ ತಿಂಗಳಿಗೆ ಐವರು ಉಳಿದರು. "ಇವರಿಗೆ ಆಸಕ್ತಿಯಿಲ್ಲ" ಎಂದು ನಾವು ಸಮಿತಿಯಲ್ಲಿ ತೀರ್ಮಾನಿಸಿದೆವು. ಕಡೆಗೆ ಶಿಕ್ಷಕಿಯೊಬ್ಬರು ಮನೆಮನೆಗೆ ಹೋಗಿ ವಿಚಾರಿಸಿದರು. ತರಗತಿ ಮುಗಿಯುವ ಮೊದಲೇ ಊರಿನ ಕೊನೆಯ ಬಸ್ಸು ಹೊರಡುತ್ತಿತ್ತು. ಕೆಲವರು ಸಂಜೆ ತಾಯಿಯ ಜೊತೆ ಕೂತು ಮರುದಿನ ಬ್ರಾಂಚಿಗೆ ಕೊಡಬೇಕಾದ ಬೀಡಿ ಕಟ್ಟಬೇಕಿತ್ತು. ತರಗತಿಯನ್ನು ಬೆಳಿಗ್ಗೆ 11ಕ್ಕೆ ಇಟ್ಟೆವು. ಆ ವರ್ಷ 17 ಮಂದಿ ಪರೀಕ್ಷೆ ಬರೆದರು. ಒಂದು ಮಾತು ಕೇಳಲು ನಾವು ಎರಡು ತಿಂಗಳು ತೆಗೆದುಕೊಂಡೆವು!

ಇನ್ನು ಗಂಡುಮಕ್ಕಳ ವಿಚಾರ. ನಮ್ಮ ಸಮುದಾಯದಲ್ಲಿ ಸಂಬಳದ ನೌಕರಿಗಿಂತ ಸ್ವಂತ ದುಡಿಮೆಯನ್ನು ನಂಬಿದವರೇ ಹೆಚ್ಚು ಎಂಬುದನ್ನು 2006ರ ಸಾಚಾರ್ ಸಮಿತಿಯ ವರದಿ ದಾಖಲಿಸಿದೆ. ಶಾಲೆ ಬಿಟ್ಟು ಗ್ಯಾರೇಜು ಸೇರಿದ ಹುಡುಗ ಇಂಜಿನ್ನಿನ ಶಬ್ದ ಕೇಳಿಯೇ ದೋಷ ಹೇಳಬಲ್ಲ. ಆದರೆ ಅರ್ಜಿ ತುಂಬಲು ಹೆದರುತ್ತಾನೆ. ಅವನನ್ನು "ಏನೂ ಬಾರದವನು" ಎಂದು ಕರೆಯುವುದು ಅನ್ಯಾಯ. ಕೈಯಲ್ಲಿರುವ ಕಸುಬನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ವ್ಯವಸ್ಥೆ ಕೇಂದ್ರದ ಕೌಶಲ ಯೋಜನೆಯಲ್ಲಿ 2015ರಿಂದ ಬಂದಿದೆ. ಎಸ್ಸೆಸ್ಸೆಲ್ಸಿ ಮುಗಿಸದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ದಾರಿಯಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಲಿಕೆಯ ಅವಧಿಯಲ್ಲೇ ಸ್ಟೈಪೆಂಡ್ ಸಿಗುತ್ತದೆ. ಮನೆಗೆ ದುಡಿದು ಹಾಕುವ ಹುಡುಗನಿಗೆ ಇದು ಸಣ್ಣ ಮಾತಲ್ಲ.

ನಮ್ಮ ಜಿಲ್ಲೆಯಲ್ಲೇ ಒಂದು ಮಾದರಿಯಿದೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರ ನೇತೃತ್ವದಲ್ಲಿ, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳ ಸಹಯೋಗದಿಂದ ರುಡ್‌ಸೆಟ್ ಆರಂಭವಾಯಿತು. ಅಲ್ಲಿ ತರಬೇತಿ, ಊಟ, ವಸತಿ ಎಲ್ಲವೂ ಉಚಿತ. ತರಬೇತಿ ಅಲ್ಪಾವಧಿಯದು, ನಂತರದ ಮಾರ್ಗದರ್ಶನ ಮಾತ್ರ ದೀರ್ಘಾವಧಿಯದು. ಕಲಿತವನು ಅಂಗಡಿ ತೆರೆದನೋ, ಸಾಲ ಸಿಕ್ಕಿತೋ, ಎಲ್ಲಿ ತೊಡಕಾಯಿತು ಎಂದು ಅವರು ವಿಚಾರಿಸುತ್ತಾರೆ. ಈ ಮಾದರಿಯನ್ನೇ ಅನುಸರಿಸಿ ಮುಂದೆ ದೇಶದ ಜಿಲ್ಲೆಗಳಲ್ಲಿ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳು ಹುಟ್ಟಿಕೊಂಡವು. ನಮ್ಮಲ್ಲಾದರೋ ಸರ್ಟಿಫಿಕೇಟು ಹಂಚಿ ಫೋಟೋ ತೆಗೆದ ದಿನವೇ ಸಂಬಂಧ ಮುಗಿಯುತ್ತದೆ.

ದಾವೂದ್ ಅಲೈಹಿಸ್ಸಲಾಮರು ಕಬ್ಬಿಣದ ಕವಚ ತಯಾರಿಸುತ್ತಿದ್ದರು, ಝಕರಿಯಾ ಅಲೈಹಿಸ್ಸಲಾಮರು ಬಡಗಿಯಾಗಿದ್ದರು. ಪ್ರವಾದಿಗಳೇ ಮಾಡಿದ ಕೈಕೆಲಸವನ್ನು ಕೀಳೆನ್ನಲು ನಾವು ಯಾರು?

ಆದ್ದರಿಂದ ನಿಮ್ಮಲ್ಲೊಂದು ವಿನಂತಿ. ನಿಮ್ಮ ಮಗನನ್ನೋ ಮಗಳನ್ನೋ ನೆರೆಮನೆಯ ಮಗುವನ್ನೋ ಯಾವುದೇ ಕೋರ್ಸಿಗೆ ಸೇರಿಸುವ ಮುನ್ನ ಮೂರು ಪ್ರಶ್ನೆ ಕೇಳಿರಿ: ನಿನಗೆ ಈಗಾಗಲೇ ಏನು ಗೊತ್ತು? ಏನಾಗಬೇಕೆಂದಿದ್ದೀ? ನಿನಗೆ ಅಡ್ಡಿಯಾಗಿರುವುದೇನು? ಉತ್ತರವನ್ನು ತಾಳ್ಮೆಯಿಂದ ಕೇಳಿರಿ. ಕೆಲಸಕ್ಕೆ ಸೇರಿದ ಆರು ತಿಂಗಳ ಬಳಿಕ ಮತ್ತೊಮ್ಮೆ ವಿಚಾರಿಸಿರಿ. ಇದಕ್ಕೆ ಹಣ ಬೇಕಿಲ್ಲ, ಕಟ್ಟಡವೂ ಬೇಕಿಲ್ಲ.

ಅಲ್ಲಾಹನು ನಮ್ಮ ಮಕ್ಕಳ ದುಡಿಮೆಯಲ್ಲಿ ಬರಕತ್ ನೀಡಲಿ. ಆಮೀನ್.