ಬೆಟ್ಟವಿಲ್ಲದ ನಾಡಿನ ನೀರುಕೋಟೆ

ಕೋಟೆ ಎಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಬೆಟ್ಟ. ಆದರೆ ಜರ್ಮನಿಯ ವಾಯವ್ಯ ಭಾಗದ ಮ್ಯೂನ್‌ಸ್ಟರ್ ಸೀಮೆಯಲ್ಲಿ ಬೆಟ್ಟವೇ ಅಪರೂಪ. ಎಲ್ಲೆಲ್ಲೂ ಸಮತಟ್ಟು ಹೊಲ, ಜೌಗು ನೆಲ, ಮೆಲ್ಲಗೆ ಹರಿಯುವ ಹೊಳೆ. ಎತ್ತರದ ಆಸರೆ ಸಿಗದ ಅಲ್ಲಿನ ಜಮೀನ್ದಾರರು ನೀರನ್ನೇ ನಂಬಿದರು. ಹೊಳೆಯನ್ನು ತಿರುಗಿಸಿ ಕಂದಕ ತುಂಬಿಸಿಕೊಂಡು, ನಡುವೆ ಮನೆ ಕಟ್ಟಿದರು. ಲ್ಯೂಡಿಂಗ್‌ಹೌಸನ್ ಪಟ್ಟಣದ ಅಂಚಿನಲ್ಲಿರುವ ಫಿಶರಿಂಗ್ ಕೋಟೆ ಅಂಥದ್ದೊಂದು.

ಅದು ಹುಟ್ಟಿದ್ದೇ ಜಗಳದಿಂದ. 1271ರಲ್ಲಿ ಕಟ್ಟಿಸಿದವನು ರಾಜನಲ್ಲ, ಮ್ಯೂನ್‌ಸ್ಟರಿನ ಬಿಷಪ್ ಗೆರ್ಹಾರ್ಡ್. ಆಗಿನ ಬಿಷಪ್ಪರು ಪೂಜೆಯೊಂದಿಗೆ ರಾಜ್ಯಭಾರವನ್ನೂ ನಡೆಸುತ್ತಿದ್ದರು. ಲ್ಯೂಡಿಂಗ್‌ಹೌಸನ್ ಮನೆತನದವರು ಇವನ ಮಾತಿಗೆ ಸೊಪ್ಪು ಹಾಕಲಿಲ್ಲ. ಅವರ ಮಗ್ಗುಲಲ್ಲೇ ಕೋಟೆ ಎಬ್ಬಿಸಿ, ಡ್ರೋಸ್ಟ್ ಎಂಬ ಅಧಿಕಾರಿಯ ಕೈಗೆ ಕೊಟ್ಟ. ಮುಂದೆ ಆ ಹುದ್ದೆಯೇ ಮನೆತನದ ಹೆಸರಾಯಿತು.

ಕೋಟೆಯದು ಎರಡು ದ್ವೀಪಗಳ ವಿನ್ಯಾಸ. ಹೊರದ್ವೀಪದಲ್ಲಿ ಕೊಟ್ಟಿಗೆ, ಉಗ್ರಾಣ. ಒಳದ್ವೀಪದಲ್ಲಿ ಒಡೆಯನ ವಾಸ. ಒಳಗಿನದು ದುಂಡನೆಯ ದಪ್ಪ ಗೋಡೆ, ಅದಕ್ಕೇ ಬೆನ್ನು ಕೊಟ್ಟು ನಿಂತ ಮನೆಗಳು, ನಡುವೆ ಅಂಗಳ. 1521ರ ಬೆಂಕಿಯಲ್ಲಿ ಕೋಟೆ ಸುಟ್ಟುಹೋಯಿತು. ಹಳೆಯ ತಳಪಾಯದ ಮೇಲೆಯೇ ಮತ್ತೆ ಕಟ್ಟಿದಾಗ ಕಾಲ ಬದಲಾಗಿತ್ತು. ಫಿರಂಗಿಯ ಮುಂದೆ ಕಂದಕ ಎಷ್ಟು ದಿನ ತಡೆದೀತು? ದೊಡ್ಡ ಕಿಟಕಿಗಳು ಬಂದವು, 17ನೇ ಶತಮಾನದ ಆರಂಭದಲ್ಲಿ ನೀರಿನ ಮೇಲೆ ಚಾಚಿದ ಅಲಂಕೃತ ಮುಂಚಾಚು ಸೇರಿತು. ಅದೇ ಶತಮಾನದ ಕೊನೆಗೆ ಮನೆತನ ಡಾರ್ಫೆಲ್ಡ್ ಎಂಬಲ್ಲಿಗೆ ವಾಸ ಬದಲಿಸಿತು. ಒಡೆಯರು ಅಲ್ಲೇ ಇದ್ದಿದ್ದರೆ ಕೆಡವಿ ಅರಮನೆ ಮಾಡುತ್ತಿದ್ದರೋ ಏನೋ!

ನೀರು ಕೋಟೆಗೆ ಕಾವಲು ಮಾತ್ರವಲ್ಲ. ಜೌಗಿನಲ್ಲಿ ಇಂಥ ಕಟ್ಟಡಗಳ ಭಾರ ಹೊರುವುದು ನೆಲಕ್ಕೆ ಹೊಡೆದ ಓಕ್ ಮರದ ಕಂಬಗಳು. ನೀರಲ್ಲಿ ಮುಳುಗಿರುವಷ್ಟು ಕಾಲ ಗಾಳಿ ತಾಗದೆ ಮರ ಕೊಳೆಯುವುದಿಲ್ಲ. ನೀರಿನ ಮಟ್ಟ ಇಳಿಯಿತೋ, ಕಂಬ ಕೊಳೆತು ಗೋಡೆ ಬಿರುಕು ಬಿಡುತ್ತದೆ. ಕಂದಕ ಒಣಗದಂತೆ ನೋಡಿಕೊಳ್ಳುವುದು ಬರೀ ಚಂದಕ್ಕಲ್ಲ.

1972ರಿಂದ ಇಲ್ಲೊಂದು ವಸ್ತುಸಂಗ್ರಹಾಲಯವಿದೆ. ಅಲ್ಲಿರುವ ಕಬ್ಬಿಣದ ಕೊರಳಪಟ್ಟಿಗೆ ಒಳಮುಖವಾಗಿ ಮುಳ್ಳುಗಳಿವೆ. ನೆರೆಯ ಕಾಕೆಸ್‌ಬೆಕ್ ಕೋಟೆಯ ಲಾಂಬರ್ಟ್ ಫಾನ್ ಓಯರ್‌ನನ್ನು 1520ರಲ್ಲಿ ವೈರಿಯೊಬ್ಬ ಹೊಂಚುಹಾಕಿ ಹಿಡಿದು, ಕೊರಳಿಗೆ ಅದನ್ನು ಬಿಗಿದ. ಲಾಂಬರ್ಟನ ಮನೆಗೂ ಕಂದಕವಿತ್ತು. ಹೊರಗೆ ಕಾಲಿಟ್ಟವನಿಗೆ ಅದರಿಂದೇನು ಬಂತು? ಕೊನೆಗೆ ಮ್ಯೂನ್‌ಸ್ಟರಿನ ಕಮ್ಮಾರನೊಬ್ಬ, ಆತನ ಕೊರಳು ಒಳಗಿರುವಾಗಲೇ, ಪಟ್ಟಿಯನ್ನು ಅಡಿಗಲ್ಲಿನ ಮೇಲಿಟ್ಟು ಸುತ್ತಿಗೆಯಿಂದ ಒಡೆದು ಬಿಡಿಸಿದ.