ಅಮ್ಮನ ಫೋನು, ಆಂಡ್ರಾಯ್ಡ್‌ನ ಸೋರ್ಸ್ ಕೋಡು ಮತ್ತು ಬೀಗ ಹಾಕಿದ ಒಂದು ಫೋಲ್ಡರ್

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತು ಕೇಳ್ತಿರೋರಿಗೆ ಮೊದಲು ಒಂದು ಪ್ರಶ್ನೆ. ನಿಮ್ಮ ಫೋನಿನಲ್ಲಿರೋ ಆಂಡ್ರಾಯ್ಡ್‌ನ ಸೋರ್ಸ್ ಕೋಡ್ ಯಾರು ಬೇಕಾದ್ರೂ ಡೌನ್‌ಲೋಡ್ ಮಾಡಿ, ತಮ್ಮ ಕಂಪ್ಯೂಟರ್‌ನಲ್ಲೇ ಬಿಲ್ಡ್ ಮಾಡಬಹುದು, ಗೊತ್ತಾ? 2008ರಿಂದ ಅದು ಓಪನ್ ಸೋರ್ಸ್. ಹಾಗಿದ್ರೆ ಹಳೇ ಫೋನಿಗೆ ಹೊಸ ಆಂಡ್ರಾಯ್ಡ್ ನಾವೇ ಹಾಕ್ಕೊಳ್ಳೋಕೆ ಯಾಕೆ ಆಗಲ್ಲ? ಇವತ್ತಿನ ಮಾತು ಅದರ ಬಗ್ಗೆ.

ಕಥೆ ಶುರುವಾಗಿದ್ದು ಕಳೆದ ವರ್ಷ, ಅಮ್ಮನ ಕಾಲ್‌ನಿಂದ. "ಲೋ, ಬ್ಯಾಂಕಿಂದು ಓಪನ್ನೇ ಆಗ್ತಿಲ್ಲ ಕಣೋ. ಏನೋ ಇಂಗ್ಲಿಷಲ್ಲಿ ಬರ್ತಿದೆ" ಅಂದ್ರು. ಊರಿಗೆ ಹೋಗಿ ನೋಡಿದೆ. ನಿಮ್ಮ ಆಂಡ್ರಾಯ್ಡ್ ತುಂಬಾ ಹಳೇದು, ಈ ಆ್ಯಪ್ ಇನ್ನು ಇದರಲ್ಲಿ ನಡೆಯಲ್ಲ ಅಂತ ಮೆಸೇಜ್. ಫೋನಿಗೆ ಬೇರೇನೂ ಆಗಿರಲಿಲ್ಲ. ಸ್ಕ್ರೀನ್ ಚೆನ್ನಾಗಿದೆ, ಬ್ಯಾಟರಿ ಒಂದು ಸಲ ಬದಲಿಸಿದ್ದೆ. ಆದರೆ ಅದು ಬಂದಿದ್ದೇ ಆಂಡ್ರಾಯ್ಡ್ 7 ಇಟ್ಕೊಂಡು, ಕಂಪನಿ ಅಪ್‌ಡೇಟ್ ಕೊಡೋದು ನಿಲ್ಲಿಸಿ ವರ್ಷಗಳಾಗಿದ್ವು. ನಾನು ಬಿ.ಕಾಂ. ಓದಿದವನು, ಕೋಡಿಂಗ್ ಕ್ಲಾಸಿಗೆ ಹೋದವನಲ್ಲ. ಆದ್ರೂ ಧೈರ್ಯವಾಗಿ "ಅಮ್ಮ, ಇದು ಓಪನ್ ಸೋರ್ಸು. ನಾನೇ ಮಾಡಿ ಹಾಕ್ತೀನಿ" ಅಂದುಬಿಟ್ಟೆ.

ಮೊದಲ ಪೆಟ್ಟು ಬಿದ್ದಿದ್ದು ನನ್ನ ಲ್ಯಾಪ್‌ಟಾಪಿಗೆ. ಆಂಡ್ರಾಯ್ಡ್‌ನ ಅಧಿಕೃತ ದಾಖಲೆ ಪ್ರಕಾರ ಕೋಡ್ ಇಳಿಸಿ ಬಿಲ್ಡ್ ಮಾಡೋಕೆ 400 ಜಿಬಿ ಖಾಲಿ ಜಾಗ, 64 ಜಿಬಿ ರ‍್ಯಾಮ್ ಬೇಕು. ಗೂಗಲ್‌ನವರು ಬಳಸೋ 72 ಕೋರ್ ಯಂತ್ರದಲ್ಲಿ ಪೂರ್ತಿ ಬಿಲ್ಡ್‌ಗೆ ಸುಮಾರು 40 ನಿಮಿಷ, 6 ಕೋರ್ ಯಂತ್ರದಲ್ಲಿ ಸುಮಾರು 6 ಗಂಟೆ ಅಂತ ಅಲ್ಲೇ ಬರೆದಿದ್ದಾರೆ. ನನ್ನ ಹತ್ರ ಇದ್ದಿದ್ದು 8 ಜಿಬಿ ರ‍್ಯಾಮ್. ಕೊನೆಗೆ ವಿಡಿಯೋ ಎಡಿಟಿಂಗ್ ಮಾಡೋ ಗೆಳೆಯನ ಡೆಸ್ಕ್‌ಟಾಪನ್ನ ಒಂದು ವೀಕೆಂಡ್‌ಗೆ ಬೇಡಿ ಪಡ್ಕೊಂಡೆ.

ಇಷ್ಟು ದೊಡ್ಡ ಕೋಡನ್ನು ಹೇಗೆ ಜೋಡಿಸಿ ಇಟ್ಟಿರ್ತಾರೆ ಅನ್ನೋದೇ ನನಗೆ ಕುತೂಹಲ. ಒಂದೇ ದೊಡ್ಡ ಫೋಲ್ಡರ್ ಅಂದ್ಕೊಂಡಿದ್ದೆ. ಅಲ್ಲ. ಅದು ನೂರಾರು ಬೇರೆ ಬೇರೆ ಗಿಟ್ ರೆಪಾಸಿಟರಿಗಳು. ಎಲ್ಲವನ್ನೂ ಒಟ್ಟಿಗೆ ಹಿಡಿಯೋದು 'ಮ್ಯಾನಿಫೆಸ್ಟ್' ಅನ್ನೋ ಒಂದು ಪಟ್ಟಿ. ಯಾವ ರೆಪಾಸಿಟರಿ, ಯಾವ ಬ್ರಾಂಚ್, ನಿಮ್ಮ ಡಿಸ್ಕಿನಲ್ಲಿ ಎಲ್ಲಿ ಕೂರಬೇಕು, ಅಷ್ಟೇ ಅದರಲ್ಲಿ ಇರೋದು. ಲೆಡ್ಜರ್ ಮುಂದೆ ಇಂಡೆಕ್ಸ್ ಪುಟ ಇರುತ್ತಲ್ಲ, ಹಾಗೆ. ಗೂಗಲ್ ಮಾಡಿರೋ 'ರೆಪೊ' ಅನ್ನೋ ಟೂಲ್ ಆ ಪಟ್ಟಿ ನೋಡ್ಕೊಂಡು ಒಂದೊಂದಾಗಿ ತಂದು ಜಾಗಕ್ಕೆ ಇಡುತ್ತೆ. ನಮ್ಮ ಬ್ರಾಡ್‌ಬ್ಯಾಂಡ್‌ನಲ್ಲಿ ಅದಕ್ಕೇ ಇಡೀ ಶನಿವಾರ ಹೋಯ್ತು.

ಇಳಿದ ಮೇಲೆ ಒಳಗೆ ಸುತ್ತಾಡಿದೆ. 'ಬಯೋನಿಕ್' ಅನ್ನೋ ಫೋಲ್ಡರ್‌ನಲ್ಲಿ ಆಂಡ್ರಾಯ್ಡ್‌ನದೇ ಆದ ಸಿ ಲೈಬ್ರರಿ. 'ಆರ್ಟ್' ಅಂದ್ರೆ ಆ್ಯಪ್‌ಗಳನ್ನು ಓಡಿಸೋ ಭಾಗ. 'ಫ್ರೇಮ್‌ವರ್ಕ್ಸ್' ಒಳಗೆ ನೋಟಿಫಿಕೇಷನ್, ವಿಂಡೋ ಇತ್ಯಾದಿ ನೋಡ್ಕೊಳ್ಳೋ ಕೋಡ್. 'ಪ್ಯಾಕೇಜಸ್' ಒಳಗೆ ಸೆಟ್ಟಿಂಗ್ಸ್, ಕಾಂಟ್ಯಾಕ್ಟ್ಸ್ ಥರದ ಆ್ಯಪ್‌ಗಳು. ಲಿನಕ್ಸ್ ಕರ್ನಲ್ ಮಾತ್ರ ಇಲ್ಲಿಲ್ಲ. ಅದಕ್ಕೆ ಬೇರೆಯೇ ಮ್ಯಾನಿಫೆಸ್ಟ್, ಬೇರೆಯೇ ಬಿಲ್ಡ್.

ಸೆಟ್ಟಿಂಗ್ಸ್ ಫೋಲ್ಡರ್ ತೆರೀತಾ ಹೋದ್ರೆ 'ವ್ಯಾಲ್ಯೂಸ್-ಕೆಎನ್' ಅಂತ ಒಂದು ಸಣ್ಣ ಫೋಲ್ಡರ್ ಸಿಕ್ತು. ಕೆಎನ್ ಅಂದ್ರೆ ಕನ್ನಡ. ಫೋನಿನ ಭಾಷೆ ಕನ್ನಡ ಅಂತ ಆರಿಸಿದಾಗ ಸೆಟ್ಟಿಂಗ್ಸ್‌ನಲ್ಲಿ ಕಾಣೋ ಸಾಲುಗಳು ಅಲ್ಲಿ ಕೂತಿವೆ. ಅಮ್ಮ ದಿನಾ ಓದೋ ಪದಗಳು. ಅರ್ಧ ಗಂಟೆ ಸುಮ್ನೆ ಅದನ್ನೇ ಓದ್ತಾ ಕೂತಿದ್ದೆ.

ಆಮೇಲೆ ಬಿಲ್ಡ್. ಎಷ್ಟೋ ಫೋಲ್ಡರ್‌ಗಳಲ್ಲಿ ಒಂದು ಸಣ್ಣ ಫೈಲ್ ಇರುತ್ತೆ. ನನ್ನಲ್ಲಿ ಇಂಥ ಕೋಡ್ ಇದೆ, ನನಗೆ ಇಂಥ ಲೈಬ್ರರಿ ಬೇಕು, ನನ್ನಿಂದ ಇಂಥದ್ದು ತಯಾರಾಗುತ್ತೆ ಅಂತ ಹೇಳೋ ಫೈಲ್. ಹಿಂದೆ ಇವೆಲ್ಲ ಮೇಕ್‌ಫೈಲ್‌ಗಳಾಗಿದ್ವು. ಕೋಡ್ ಬೆಳೆದ ಹಾಗೆ ಅದು ನಿಧಾನವಾಯ್ತು, ಹಾಗಾಗಿ ಆಂಡ್ರಾಯ್ಡ್ 7ರ ಕಾಲದಿಂದ 'ಸೂಂಗ್' ಅನ್ನೋ ವ್ಯವಸ್ಥೆ ಬಂತು. ಸೂಂಗ್ ಆ ಫೈಲ್‌ಗಳನ್ನೆಲ್ಲ ಓದಿ, ಯಾವುದರ ಮೇಲೆ ಯಾವುದು ನಿಂತಿದೆ ಅಂತ ಲೆಕ್ಕ ಹಾಕುತ್ತೆ. 'ನಿಂಜಾ' ಅನ್ನೋ ಇನ್ನೊಂದು ಟೂಲ್ ಆ ಲೆಕ್ಕದ ಪ್ರಕಾರ ಕೆಲಸ ಮಾಡಿಸುತ್ತೆ. ಯಾವ ಡಿವೈಸ್‌ಗೆ ಬಿಲ್ಡ್ ಅಂತ ಹೇಳೋ ಕಮಾಂಡಿನ ಹೆಸರು 'ಲಂಚ್'. ಊಟದ ಲಂಚ್ ಮಾರಾಯ್ರೇ, ಲಂಚ ಅಲ್ಲ. ಕೊಡದೇನೂ ಕೆಲಸ ಆಗುತ್ತೆ!

'ಕಟಲ್‌ಫಿಶ್' ಅನ್ನೋ ವರ್ಚುವಲ್ ಫೋನ್ ಆರಿಸ್ಕೊಂಡೆ, ಅಂದ್ರೆ ಕಂಪ್ಯೂಟರ್ ಒಳಗೇ ಓಡೋ ಫೋನು. ರಾತ್ರಿ ಹಚ್ಚಿಟ್ಟು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದ್ರೆ ಮುಗಿದಿತ್ತು. ಭಾಷೆ ಕನ್ನಡಕ್ಕೆ ಬದಲಿಸಿ ಸ್ಕ್ರೀನ್‌ಶಾಟ್ ತೆಗೆದು ಅಮ್ಮನಿಗೆ ಕಳಿಸಿದೆ. "ಸರಿ, ನನ್ನ ಫೋನಿಗೆ ಯಾವಾಗ?" ಅಂದ್ರು.

ಅಲ್ಲೇ ಸಿಕ್ಕಿಹಾಕ್ಕೊಂಡಿದ್ದು. ಸೋರ್ಸ್ ಟ್ರೀಯಲ್ಲಿ 'ಡಿವೈಸ್', 'ವೆಂಡರ್' ಅಂತ ಎರಡು ಜಾಗಗಳಿವೆ. ನಿರ್ದಿಷ್ಟ ಫೋನಿನ ಕಾನ್ಫಿಗರೇಷನ್ 'ಡಿವೈಸ್' ಒಳಗೆ. ಕ್ಯಾಮೆರಾ, ಮೋಡೆಮ್, ಫಿಂಗರ್‌ಪ್ರಿಂಟ್ ಓಡಿಸೋ ಫೈಲ್‌ಗಳು 'ವೆಂಡರ್' ಒಳಗೆ. ಅಮ್ಮನ ಫೋನಿಗೆ ಇವೆರಡೂ ಅಲ್ಲಿರಲಿಲ್ಲ. ಅವು ಫೋನ್ ಮಾಡಿದ ಕಂಪನಿ ಮತ್ತು ಚಿಪ್ ಕಂಪನಿಯ ಸ್ವತ್ತು, ಬಹುಪಾಲು ಗುಟ್ಟಿನ ಬೈನರಿಗಳು.

ಇದು ಹೇಗೆ ಸಾಧ್ಯ ಅಂದ್ರೆ, ಲೈಸೆನ್ಸ್ ಎರಡು ಥರ. ಲಿನಕ್ಸ್ ಕರ್ನಲ್ ಇರೋದು ಜಿಪಿಎಲ್ ಅಡಿಯಲ್ಲಿ. ಅದನ್ನು ಫೋನಿನಲ್ಲಿ ಮಾರಿದವರು ಅದರ ಸೋರ್ಸ್ ಕೊಡಲೇಬೇಕು. ಆಂಡ್ರಾಯ್ಡ್‌ನ ಉಳಿದ ಬಹುಭಾಗ ಇರೋದು ಅಪಾಚೆ 2.0 ಅಡಿಯಲ್ಲಿ. ಅದರಲ್ಲಿ ಆ ಕಡ್ಡಾಯ ಇಲ್ಲ. ತಗೋಬಹುದು, ಬದಲಿಸಬಹುದು, ಬದಲಿಸಿದ್ದನ್ನು ಮುಚ್ಚಿಡಬಹುದು. ಕರ್ನಲ್ ಸೋರ್ಸ್ ಕೇಳಿ ಆ ಕಂಪನಿಗೆ ಎರಡು ಮೇಲ್ ಹಾಕಿದೆ. ಉತ್ತರ ಬರಲಿಲ್ಲ.

2017ರಲ್ಲಿ ಆಂಡ್ರಾಯ್ಡ್ 8ರ ಜೊತೆ 'ಟ್ರೆಬಲ್' ಅನ್ನೋ ಬದಲಾವಣೆ ಬಂತು. ಹಾರ್ಡ್‌ವೇರ್‌ಗೆ ಅಂಟಿಕೊಂಡ ವೆಂಡರ್ ಭಾಗಕ್ಕೂ ಆಂಡ್ರಾಯ್ಡ್‌ಗೂ ನಡುವೆ ಒಂದು ಗೋಡೆ ಕಟ್ಟಿದ್ರು. ಆ ಕಡೆಯದ್ದನ್ನು ಮುಟ್ಟದೆ ಈ ಕಡೆಯ ಆಂಡ್ರಾಯ್ಡ್ ಬದಲಿಸಬಹುದು. ಕೋಡನ್ನು ಹೇಗೆ ವಿಂಗಡಿಸಿದ್ದಾರೆ ಅನ್ನೋದರ ಮೇಲೇ ಒಂದು ಫೋನು ಎಷ್ಟು ವರ್ಷ ಬಾಳುತ್ತೆ ಅನ್ನೋದು ನಿಂತಿದೆ ಅಂತ ನನಗೆ ಅರ್ಥ ಆಗಿದ್ದು ಆಗಲೇ. ಅಮ್ಮನ ಫೋನು ಆ ಗೋಡೆಗಿಂತ ಹಿಂದಿನದು.

ಇನ್ನೊಂದು ಸತ್ಯಾನೂ ಹೇಳಿಬಿಡ್ತೀನಿ. ಹೊಸ ಆಂಡ್ರಾಯ್ಡ್ ಹಾಕೋಕೆ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಅನ್‌ಲಾಕ್ ಆದ ಫೋನಿನಲ್ಲಿ ಎಷ್ಟೋ ಬ್ಯಾಂಕ್ ಆ್ಯಪ್‌ಗಳು ಓಡೋಕೇ ಒಪ್ಪಲ್ಲ. ಅಂದ್ರೆ ನಾನು ಗೆದ್ದಿದ್ರೂ ಅಮ್ಮನ ಕೆಲಸ ಆಗೋ ಗ್ಯಾರಂಟಿ ಇರಲಿಲ್ಲ. ಇದನ್ನು ಮೊದಲೇ ವಿಚಾರಿಸದೆ ಹೊರಟಿದ್ದು ನನ್ನದೇ ತಪ್ಪು.

ಬಾಗಿಲು ಇನ್ನೂ ಸ್ವಲ್ಪ ಮುಚ್ಚಿದೆ. 2025ರ ಮಾರ್ಚ್‌ನಲ್ಲಿ ಗೂಗಲ್ ಆಂಡ್ರಾಯ್ಡ್‌ನ ಕೆಲಸವೆಲ್ಲ ಇನ್ನು ಒಳಗಿನ ಬ್ರಾಂಚ್‌ಗಳಲ್ಲೇ ನಡೆಯುತ್ತೆ, ಸೋರ್ಸ್ ಹೊರಗೆ ಬರೋದು ಬಿಡುಗಡೆಯಾದ ಮೇಲೆ ಅಂತ ಹೇಳಿತು. ಜೂನ್‌ನಲ್ಲಿ ಆಂಡ್ರಾಯ್ಡ್ 16ರ ಸೋರ್ಸ್ ಬಂದಾಗ, ಪಿಕ್ಸೆಲ್ ಫೋನ್‌ಗಳ ಡಿವೈಸ್ ಫೈಲ್‌ಗಳು ಅದರಲ್ಲಿರಲಿಲ್ಲ. ಲೀನಿಯೇಜ್ ಓಎಸ್ ಥರದ ತಂಡಗಳು, ಕಂಪನಿ ಕೈಬಿಟ್ಟ ಫೋನುಗಳನ್ನು ಬದುಕಿಸ್ತಾ ಇರೋರು, ಇಂಥ ಫೈಲ್‌ಗಳನ್ನೇ ಕೈಯಾರೆ ಹೊಂದಿಸಿ ಕೆಲಸ ಮಾಡೋರು.

ಕೊನೆಗೆ ಅಮ್ಮನಿಗೆ ಹೊಸ ಫೋನು ಕೊಡಿಸಿದೆ. ಈ ಸಲ ಅಂಗಡಿಯಲ್ಲಿ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್ ಅಂತ ಕೇಳಲಿಲ್ಲ. ಅಪ್‌ಡೇಟ್ ಎಷ್ಟು ವರ್ಷ ಅಂತ ಕೇಳಿದೆ. ಪಿಕ್ಸೆಲ್ 8, ಗ್ಯಾಲಕ್ಸಿ ಎಸ್24ರಂಥ ದುಬಾರಿ ಫೋನುಗಳಿಗೆ 7 ವರ್ಷ ಅಂತ ಕಂಪನಿಗಳೇ ಹೇಳಿವೆ. ನಮ್ಮ ಬಜೆಟ್‌ನ ಫೋನುಗಳ ಬಗ್ಗೆ ಕೇಳಿದ್ರೆ ಅಂಗಡಿಯವರು ಮುಖ ಮುಖ ನೋಡ್ಕೊಂಡ್ರು. ನೀವೂ ಕೇಳಿ. ಹತ್ತು ಜನ ಕೇಳಿದ್ರೆ ಹನ್ನೊಂದನೆಯವರಿಗೆ ಉತ್ತರ ರೆಡಿ ಇರುತ್ತೆ.

ಹಳೇ ಫೋನನ್ನು ಎಸೆದಿಲ್ಲ. ಅಡುಗೆಮನೆ ಕಟ್ಟೆ ಮೇಲೆ ಈಗ ಅದೇ ರೇಡಿಯೋ. ಈ ಎಪಿಸೋಡನ್ನೂ ಅಮ್ಮ ಅದರಲ್ಲೇ ಕೇಳ್ತಾರೆ. ರೆಕಾರ್ಡಿಂಗ್‌ಗೆ ಮುಂಚೆ ಇದನ್ನೆಲ್ಲ ಅವರಿಗೆ ವಿವರಿಸಿದಾಗ ಕೇಳಿದ್ರು: "ಎಲ್ಲಾರಿಗೂ ತೆರೆದಿದೆ ಅಂದ್ಯಲ್ಲೋ, ಮತ್ತೆ ಬೀಗ ಯಾಕೆ ಹಾಕಿದಾರೆ?" ನನ್ನ ಹತ್ರ ಉದ್ದನೆ ಉತ್ತರ ಇತ್ತು, ಲೈಸೆನ್ಸು, ಚಿಪ್ಪು, ಅದು ಇದು. ಅಷ್ಟರಲ್ಲಿ ಕುಕ್ಕರ್ ಕೂಗ್ತು, ಅವರು ಎದ್ದು ಹೋದ್ರು.