ಅರ್ಧ ಗಂಟೆ ಬಿಡುವು, ಹದಿನಾರು ರೂಪಾಯಿ ಲೆಕ್ಕ



ಕುಲ್ಲಹಣ ರಾಹುತ, ಸಹಜಾದೇವಿ ದಂಪತಿ ಕಟ್ಟಿಸಿದ ನಿಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಗುಡಿಯ ಬಗ್ಗೆ ಹೇಳಬಲ್ಲ ವಿದ್ವಾಂಸರು ಬೇಕಾದಷ್ಟಿದ್ದಾರೆ. ನಾನು ಗಾರ್ಮೆಂಟ್ಸ್‌ಗೆ ಹೋಗುವ ನಮ್ಮ ಹೆಣ್ಣುಮಕ್ಕಳ ಬಿಡುವು, ಸಂಬಳದ ಮಾತು ಎತ್ತಿಕೊಂಡಿದ್ದೇನೆ.

ಊಟದ ಬಜರ್ ಹೊಡೆಯುತ್ತದೆ. ಕೈ ತೊಳೆಯಲು ಒಂದು ಸಾಲು, ಶೌಚಾಲಯಕ್ಕೆ ಇನ್ನೊಂದು. ಡಬ್ಬಿ ಬಿಚ್ಚುವಷ್ಟರಲ್ಲಿ ಬಿಡುವು ಅರ್ಧ ಕರಗಿರುತ್ತದೆ. ಪದೇ ಪದೇ ಎದ್ದರೆ ಟಾರ್ಗೆಟ್ ತಪ್ಪುತ್ತದೆಂದು ನೀರೇ ಕುಡಿಯದೆ ಹೊಲಿಯುವವರಿದ್ದಾರೆ. ಇದು ಆರೋಗ್ಯಕ್ಕೆ ಎಂಥ ಪೆಟ್ಟು ಎಂದು ಯಾವ ತಾಯಿಗೂ ಬಿಡಿಸಿ ಹೇಳಬೇಕಿಲ್ಲ.

1948ರ ಕಾರ್ಖಾನೆ ಕಾಯ್ದೆ ಒಂದೇ ಸಮನೆ ಐದು ಗಂಟೆಗಿಂತ ಹೆಚ್ಚು ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಕೊಡಬೇಕು ಎಂದಿತ್ತು. 2023ರಲ್ಲಿ ನಮ್ಮ ರಾಜ್ಯ ತಿದ್ದುಪಡಿ ತಂದು ಆ ಐದನ್ನು ಆರಕ್ಕೆ, ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಏರಿಸಲು ದಾರಿ ಮಾಡಿಕೊಟ್ಟಿತು. ವಾರಕ್ಕೆ 48 ಗಂಟೆಯ ಮಿತಿ ಹಾಗೇ ಇದೆಯಲ್ಲ ಎಂದು ಸಮಾಧಾನ ಹೇಳಿದರು. ಬೆನ್ನುನೋವು ವಾರದ ಲೆಕ್ಕ ನೋಡಿಕೊಂಡು ಬರುವುದಿಲ್ಲ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಬಿಡುವು ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಅವು ಸರ್ಕಾರದ ಅಧಿಸೂಚನೆಗೆ ಬಿಟ್ಟಿವೆ. ನನ್ನ ಪ್ರಕಾರ ಅದು ಕಾಯ್ದೆಯೊಳಗೇ ಗಟ್ಟಿಯಾಗಿ ಇರಬೇಕಿತ್ತು.

ಇನ್ನು ಕೂಲಿ. ಬೆಲೆ ಏರಿದಂತೆ ಕನಿಷ್ಠ ವೇತನದ ಜೊತೆ ತುಟ್ಟಿಭತ್ಯೆಯೂ ಏರಬೇಕು. 2020ರ ಏಪ್ರಿಲ್‌ನಲ್ಲಿ ಏರಬೇಕಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಹಂಚಿದರೆ ದಿನಕ್ಕೆ ಹದಿನಾರು ರೂಪಾಯಿ. ಕೊರೊನಾ ನೆಪದಲ್ಲಿ ಸರ್ಕಾರ ಅದನ್ನು ಮುಂದೂಡಿತು. ಕಾರ್ಮಿಕ ಸಂಘಗಳು ಹೈಕೋರ್ಟ್ ಮೆಟ್ಟಿಲು ಹತ್ತಿದವು, ಮುಂದೂಡಿದ ಆದೇಶಕ್ಕೆ ತಡೆ ಬಿತ್ತು. ಆದರೂ ಎಷ್ಟೋ ಕಾರ್ಖಾನೆಗಳು ಹಣ ಕೊಡಲಿಲ್ಲ. ರಾಜ್ಯದಲ್ಲಿ ಲಕ್ಷಗಟ್ಟಲೆ ಗಾರ್ಮೆಂಟ್ಸ್ ಕಾರ್ಮಿಕರ ಕೈಗೆ ಆ ದುಡ್ಡು ಸೇರಲಿಲ್ಲ. ಸಂಘಗಳು ಪಟ್ಟು ಸಡಿಲಿಸಲಿಲ್ಲ, ಇಲ್ಲಿಂದ ಬಟ್ಟೆ ಕೊಳ್ಳುವ ವಿದೇಶಿ ಬ್ರಾಂಡ್‌ಗಳ ಮೇಲೂ ಒತ್ತಡ ಬಿತ್ತು. 2022ರ ಹೊತ್ತಿಗೆ ದೊಡ್ಡ ಕಂಪನಿಗಳು ಬಾಕಿ ತೀರಿಸಲು ಒಪ್ಪಿದವು. ಹದಿನಾರು ರೂಪಾಯಿಗೆ ಎರಡು ವರ್ಷದ ಹೋರಾಟ! ಅದು ಭಿಕ್ಷೆಯಲ್ಲ, ದುಡಿದ ದುಡ್ಡು.

ನಿಮ್ಮ ಮನೆಯ ಮಗಳು ಸಂಬಳದ ಚೀಟಿ ತಂದಾಗ ಮೂರು ಸಾಲು ನೋಡಿ: ತುಟ್ಟಿಭತ್ಯೆ, ಪಿಎಫ್, ಓಟಿ. ಓಟಿಗೆ ಎರಡು ಪಟ್ಟು ದರ ಬಂದಿದೆಯೇ ಎಂದು ಲೆಕ್ಕ ಹಾಕಿ. ಚೀಟಿ ಕೊಡುವುದೇ ಇಲ್ಲವೆಂದರೆ ಮೊದಲು ಅದನ್ನು ಕೇಳಿ ಪಡೆಯಲಿ. ಒಬ್ಬಳೇ ಕೇಳಲು ಹೆದರಿಕೆಯಾದರೆ ಲೈನಿನ ಹತ್ತು ಜನ ಕೂಡಿ ಕೇಳಲಿ. ಆಗಲೂ ಕೊಡದಿದ್ದರೆ ಹಾಸನದ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಟ್ಟು, ಸ್ವೀಕೃತಿ ಪಡೆದೇ ಬನ್ನಿ.